ಅರಮನೆಯಲ್ಲಿ ಒಂದು ರಾತ್ರಿ: ದಾವಣಗೆರೆಯಿಂದ ಹೊರಡುವವರಿಗೆ ಯಾವುದು ಸರಿ?

ನಮ್ಮೂರಲ್ಲಿ ಹೋಟೆಲ್ ಅಂದರೆ ತಿನ್ನುವ ಜಾಗ. ಉಳಿಯುವುದಕ್ಕೆ ಇರುವುದು ಲಾಡ್ಜ್. ಹಾಗಾಗಿ ಪಕ್ಕದ ಮನೆ ಹುಡುಗ ಬಂದು, ಅಪ್ಪ ಅಮ್ಮನ ಮದುವೆಯಾಗಿ 40 ವರ್ಷ ಆಯ್ತು, ಇಬ್ಬರನ್ನೂ ಯಾವುದಾದರೂ ರಾಜರ ಹೋಟೆಲ್‌ಗೆ ಕಳಿಸಬೇಕು ಅಂತಿದ್ದೀನಿ, ಯಾವುದು ಹೇಳಿ ಅಂತ ಕೇಳಿದಾಗ ಕಾಂಪೌಂಡಿನ ಆ ಕಡೆಯಿಂದ ಅವರಮ್ಮ ಕೂಗಿದ್ದು ಒಂದೇ ಮಾತು: "ಅಲ್ಲಿ ದೋಸೆ ಹೆಂಗಿರ್ತದೆ ಕೇಳು."

ಹುಡುಗನ ಮೊಬೈಲಿನಲ್ಲಿ ಆಗಲೇ ಒಂದು ಪಟ್ಟಿ ಇತ್ತು. ಮೈಸೂರಿನ ಲಲಿತ ಮಹಲ್, ಹೈದರಾಬಾದಿನ ಫಲಕ್‌ನುಮಾ, ಮುಂಬೈ ತಾಜ್, ಉದಯಪುರದ ಕೆರೆ ಮಧ್ಯದ್ದು, ಜೋಧಪುರದಲ್ಲಿ ಪ್ರಿಯಾಂಕಾ ಚೋಪ್ರಾ ಮದುವೆಯಾದದ್ದು. ಎರಡು ತಿಂಗಳಲ್ಲಿ ಹೆಚ್ಚುಕಮ್ಮಿ ಇದೇ ಪಟ್ಟಿ ಹಿಡಿದು ಬಂದವರಲ್ಲಿ ಅವನು ಮೂರನೆಯವನು. ಚಿತ್ರದುರ್ಗದ ನನ್ನ ಚಿಕ್ಕಪ್ಪನ ಮಗಳು ಹನಿಮೂನ್‌ಗೆ ಅಂತ ಕೇಳಿದ್ದಳು. ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಗೆಳೆಯ, ಮನೆಮಂದಿ ಆರು ಜನಕ್ಕೆ ಅಂತ ಕೇಳಿದ್ದ. ಮೂವರಿಗೂ ಒಂದೇ ಉತ್ತರ ಕೊಟ್ಟರೆ ಇಬ್ಬರಿಗಾದರೂ ಮೋಸ ಮಾಡಿದ ಹಾಗೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೀನಿ.

ಈ ಪಟ್ಟಿಯಲ್ಲಿ ನಾನು ಏನು ಕಂಡಿದ್ದೀನಿ ಅಂತ ಮೊದಲೇ ಹೇಳಿಬಿಡುತ್ತೇನೆ. ಲಲಿತ ಮಹಲ್‌ನಲ್ಲಿ ಎರಡು ಸಲ ಮಲಗಿದ್ದೀನಿ. ಮುಂಬೈ ತಾಜ್‌ನಲ್ಲಿ ಒಂದು ರಾತ್ರಿ. ಫಲಕ್‌ನುಮಾದಲ್ಲಿ ಬರೀ ಟೀ. ಜೋಧಪುರದ್ದನ್ನು ಟಿಕೆಟ್ ತಗೊಂಡು ನೋಡಿದ್ದು, ಉದಯಪುರದ್ದನ್ನು ದಡದಲ್ಲಿ ನಿಂತು ನೋಡಿದ್ದು. ಅಷ್ಟೇ ನನ್ನ ರಾಜಯೋಗ.

ಮೊದಲು ಅಳತೆಗೋಲು

ರೇಟು ನೋಡುವ ಮುಂಚೆ ಒಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ರಾಜರು, ಸಿನಿಮಾದವರು ಒಂದು ಹೋಟೆಲ್ ಆರಿಸುವ ಕಾರಣವೇ ಬೇರೆ. ಒಂದೇ ಗೇಟು, ಒಂದೇ ರಸ್ತೆ, ಹೊರಗಿನವರು ಒಳಗೆ ನುಗ್ಗದ ಹಾಗೆ ಗುಡ್ಡವೋ ನೀರೋ ಸುತ್ತ ಇರಬೇಕು. ಯಾರ ಕಣ್ಣಿಗೂ ಬೀಳಬಾರದು ಅಂತ ಅವರು ದುಡ್ಡು ಕೊಡ್ತಾರೆ. ನಾವು ಕೊಡೋದು ವಾಟ್ಸ್‌ಆಪ್ ಸ್ಟೇಟಸ್‌ಗೆ ಫೋಟೋ ಬರಲಿ ಅಂತ. ಅಂದರೆ ಆ ರೇಟಿನಲ್ಲಿ ಅರ್ಧ ಭಾಗ ನಮಗೆ ಬೇಡದ ಸಾಮಾನಿಗೆ ಹೋಗುತ್ತೆ, ಅಲ್ವಾ?

ಹಾಗಾಗಿ ನಾನು ಕೇಳುವ ಪ್ರಶ್ನೆಗಳು ಇವು. ನಿಮಗೆ ಬೇಕಿರುವುದು ಕಟ್ಟಡವಾ, ಹಾಸಿಗೆಯಾ, ಹೆಸರಾ? ನಿಮಗೆ ಸಿಗುವ ರೂಮು ನಿಜವಾಗಿ ಆ ಹಳೇ ಅರಮನೆಯೊಳಗೇ ಇದೆಯಾ, ಅಥವಾ ಹಿಂದೆ ಕಟ್ಟಿದ ಹೊಸ ಬ್ಲಾಕಿನಲ್ಲಾ? ಉಳಿಯದೇ ಬರೀ ಊಟಕ್ಕೋ ಟೀಗೋ ಹೋಗಿ ಬರಬಹುದಾ? ಮೆಟ್ಟಿಲು ಎಷ್ಟು, ಲಿಫ್ಟ್ ಇದೆಯಾ? ದಾವಣಗೆರೆ ಮನೆ ಬಾಗಿಲಿನಿಂದ ಅಲ್ಲಿಯ ಬಾಗಿಲಿಗೆ ಎಷ್ಟು ಹೊತ್ತು? ಕೊನೆಗೆ, ತೆರಿಗೆ ಸೇರಿ ಬಿಲ್ಲು ಎಷ್ಟು? ರೂಮಿನ ಬಾಡಿಗೆ ದಿನಕ್ಕೆ 7,500 ದಾಟಿದರೆ ಜಿಎಸ್‌ಟಿ ಶೇ. 18. ನಲವತ್ತು ಸಾವಿರದ ರೂಮಿಗೆ ಮೇಲೆ ಏಳು ಸಾವಿರದ ಇನ್ನೂರು. ಆ ದುಡ್ಡಿಗೆ ನಮ್ಮೂರಿನ ಒಳ್ಳೇ ಲಾಡ್ಜಿನಲ್ಲಿ ಎರಡು ಮೂರು ದಿನ ಇರಬಹುದು.

ಮೆಟ್ಟಿಲ ವಿಷಯ ಯಾಕೆ ಹೇಳಿದೆ ಅಂದರೆ, ರಾಜಸ್ಥಾನದ ಒಂದು ಹೆರಿಟೇಜ್ ಹೋಟೆಲಿನಲ್ಲಿ (ಹೆಸರು ಬೇಡ ಬಿಡಿ) ಅಮ್ಮನನ್ನು ಕರೆದುಕೊಂಡು ಹೋಗಿ ಪೇಚಿಗೆ ಸಿಕ್ಕಿದ್ದೆ. ಇದ್ದದ್ದರಲ್ಲಿ ಅಗ್ಗದ ರೂಮು ನೋಡಿ ಬುಕ್ ಮಾಡಿದ್ದೆ. ಅದು ಇದ್ದದ್ದು ಮೂರನೇ ಅಂತಸ್ತಿನಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲುಗಳೋ, ಮೊಣಕಾಲೆತ್ತರ, ಕುದುರೆ ಹತ್ತಲಿ ಅಂತ ಕಟ್ಟಿದ ಹಾಗಿದ್ದವು. ಅಮ್ಮ ಪ್ರತಿ ತಿರುವಿನಲ್ಲೂ ಕೂತು, ಗೋಡೆ ಮೇಲಿನ ಮಹಾರಾಜರ ಫೋಟೋಗಳನ್ನು ಒಂದೊಂದಾಗಿ ನೋಡಿ, ಸುಧಾರಿಸಿಕೊಂಡು ಮೇಲೆ ಬಂದರು. ಕಿಟಕಿ ತೆರೆದರೆ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನು. ಬೆಳಿಗ್ಗೆ ಅಮ್ಮ ತಿಂಡಿಗೆ ಇಳಿಯಲೇ ಇಲ್ಲ. ಅವತ್ತಿನಿಂದ ನನ್ನ ಮೊದಲ ಪ್ರಶ್ನೆ ಲಿಫ್ಟ್.

ಲಲಿತ ಮಹಲ್, ಮೈಸೂರು

ನಮ್ಮವರಿಗೆ ಮೊದಲು ಹೇಳುವುದು ಇದನ್ನೇ. ಚಾಮುಂಡಿ ಬೆಟ್ಟದ ತಪ್ಪಲಲ್ಲಿ ಬೆಳ್ಳಗೆ ನಿಂತಿರುವ ಈ ಕಟ್ಟಡಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರ್ 1921ರಲ್ಲಿ ಅಡಿಗಲ್ಲು ಹಾಕಿದ್ದು. ಮೈಸೂರಿಗೆ ಬರುವ ವೈಸ್‌ರಾಯ್‌ಗಳಿಗೆ, ಯುರೋಪಿನ ಅತಿಥಿಗಳಿಗೆ ಅಂತಲೇ ಕಟ್ಟಿಸಿದರು. ನಕ್ಷೆ ಮಾಡಿದವರು ಮುಂಬೈನ ಇ. ಡಬ್ಲ್ಯು. ಫ್ರಿಚ್ಲಿ. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ಮನಸ್ಸಿನಲ್ಲಿ ಇಟ್ಟುಕೊಂಡು ಆ ದೊಡ್ಡ ಗುಮ್ಮಟ ಮಾಡಿದರಂತೆ. 1974ರಲ್ಲಿ ಹೋಟೆಲ್ ಆಯಿತು. ಬಹಳ ವರ್ಷ ಕೇಂದ್ರದ ಪ್ರವಾಸೋದ್ಯಮ ನಿಗಮ ಐಟಿಡಿಸಿ ನಡೆಸಿತು, 2018ರಲ್ಲಿ ರಾಜ್ಯ ಸರ್ಕಾರದ ಕೈಗೆ ಬಂತು.

ಇಲ್ಲಿಯ ಒಂದು ದೃಶ್ಯ ನನಗೆ ಮರೆಯಲ್ಲ. ಊಟದ ಹಾಲ್ ಅಂದರೆ ಹಿಂದೆ ಬಾಲ್ ಡ್ಯಾನ್ಸ್ ಮಾಡುತ್ತಿದ್ದ ಹಾಲ್. ಮೇಲೆ ಬಣ್ಣದ ಗಾಜಿನ ಗುಮ್ಮಟ. ಬೆಳಿಗ್ಗೆ ಎಂಟೂವರೆಗೆ ಬಿಸಿಲು ಆ ಗಾಜಿನಿಂದ ಇಳಿದು ಮೇಜಿನ ಬಿಳಿ ಬಟ್ಟೆ ಮೇಲೆ ಬೀಳುತ್ತಿತ್ತು. ನನ್ನ ತಟ್ಟೆಯ ಇಡ್ಲಿ ಒಂದು ಕಡೆ ತಿಳಿ ನೀಲಿ, ಇನ್ನೊಂದು ಕಡೆ ಬಿಳಿ. ಪೇಟ ಕಟ್ಟಿದ ಅಜ್ಜ ಒಬ್ಬರು ಕಾಫಿ ತಂದು ಇಟ್ಟು, ಯಾವೂರು ಸ್ವಾಮಿ ಅಂದರು. ದಾವಣಗೆರೆ ಅಂದೆ. "ಬೆಣ್ಣೆ ದೋಸೆಯವರಿಗೆ ನಮ್ಮ ದೋಸೆ ಹಿಡಿಸಲ್ಲ ಬಿಡಿ" ಅಂತ ನಕ್ಕು ಹೋದರು. ಮಾತು ನಿಜವೇ ಆಗಿತ್ತು ಅನ್ನಿ.

ಇದರ ಲಾಭ ಮೂರು. ಭಾಷೆ ನಮ್ಮದು. ದೂರ ತಡೆದುಕೊಳ್ಳಬಹುದು, ಕಾರಿನಲ್ಲಿ ಐದಾರು ಗಂಟೆ, ಅರಸೀಕೆರೆ ಹಾಸನದ ಮೇಲೆ ರೈಲೂ ಇದೆ. ಮತ್ತು ಈ ಪಟ್ಟಿಯಲ್ಲಿ ಒಬ್ಬ ಸಂಬಳದಾರ ಸಾಲ ಮಾಡದೇ ಮಲಗಬಹುದಾದ ಅರಮನೆ ಇದೊಂದೇ. ರೇಟು ತಾಜ್ ಕಂಪನಿ ನಡೆಸುವ ಅರಮನೆಗಳ ಕಾಲು ಭಾಗವೂ ಆಗುವುದಿಲ್ಲ. ಕೊರತೆ ಏನು ಅಂದರೆ, ಇಲ್ಲಿ ನೀವು ದುಡ್ಡು ಕೊಡುವುದು ಕಟ್ಟಡಕ್ಕೆ. ನೂರು ವರ್ಷದ ಮನೆಯಲ್ಲಿ ಏನೇನು ಇರುತ್ತೋ ಅದೆಲ್ಲ ಇರುತ್ತೆ. ತಲೆದಿಂಬಿನ ಮೇಲೆ ಚಾಕೊಲೇಟು, ನಿಮ್ಮ ಹೆಸರು ನೆನಪಿಟ್ಟು ಮಾತಾಡಿಸುವ ಬಟ್ಲರ್ ಬೇಕು ಅನ್ನುವವರು ಇಲ್ಲಿಗೆ ಹೋಗಿ ಬೈದುಕೊಂಡು ಬರಬೇಡಿ. ಬುಕ್ ಮಾಡುವಾಗ ಫೋನಿನಲ್ಲೇ ಖಚಿತ ಮಾಡಿಕೊಳ್ಳಿ: ರೂಮು ಹಳೇ ಕಟ್ಟಡದಲ್ಲಾ, ಹೊಸ ಭಾಗದಲ್ಲಾ ಅಂತ. ಹೊಸ ಭಾಗ ಅಂದರೆ ಸುಮ್ನೆ ಬೇಡ ಅನ್ನಿ. ದಸರಾ ಹೊತ್ತಿನಲ್ಲಿ ರೂಮೂ ಸಿಗಲ್ಲ, ಸಿಕ್ಕರೂ ರೇಟು ನೋಡಿ ತಲೆ ತಿರುಗುತ್ತೆ.

ಫಲಕ್‌ನುಮಾ, ಹೈದರಾಬಾದ್

ಹೊಟ್ಟೆಕಿಚ್ಚು ಬರಿಸುವ ಜಾಗ ಇದು. ಚಾರ್‌ಮಿನಾರ್‌ನಿಂದ ನಾಲ್ಕೈದು ಕಿಲೋಮೀಟರ್ ದೂರದ ಗುಡ್ಡದ ಮೇಲಿದೆ. ನಿಜಾಮರ ಆಸ್ಥಾನದ ಪೈಗಾ ಮನೆತನದ ವಿಕಾರ್-ಉಲ್-ಉಮ್ರಾ 1884ರಲ್ಲಿ ಕಟ್ಟಲು ಶುರು ಮಾಡಿದರು. ಸುಮಾರು ಒಂಬತ್ತು ವರ್ಷ ಕಟ್ಟಿದರು. ಕಟ್ಟಿ ಮುಗಿಯುವ ಹೊತ್ತಿಗೆ ಮೈತುಂಬ ಸಾಲ. ಕೊನೆಗೆ ಅದು ಆರನೇ ನಿಜಾಮ ಮಹಬೂಬ್ ಅಲಿ ಖಾನರ ಪಾಲಾಯಿತು. ನಮ್ಮ ಕಡೆ ಮನೆ ಕಟ್ಟಿಸಿ ನೋಡು ಅಂತಾರಲ್ಲ, ಆ ಗಾದೆಗೆ ಇಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ. ಬಹಳ ಕಾಲ ಬೀಗ ಹಾಕಿದ್ದನ್ನು ತಾಜ್‌ನವರು ವರ್ಷಗಟ್ಟಲೆ ರಿಪೇರಿ ಮಾಡಿ 2010ರಲ್ಲಿ ಹೋಟೆಲ್ ಮಾಡಿದರು. ಸಲ್ಮಾನ್ ಖಾನ್ ತಂಗಿ ಅರ್ಪಿತಾ ಮದುವೆ 2014ರಲ್ಲಿ ಆದದ್ದು ಇಲ್ಲೇ. 2017ರಲ್ಲಿ ಇವಾಂಕಾ ಟ್ರಂಪ್‌ಗೆ ಪ್ರಧಾನಿ ಔತಣ ಕೊಟ್ಟದ್ದೂ ಇಲ್ಲೇ.

ಒಳಗೆ 101 ಜನ ಕೂರುವ ಒಂದೇ ಊಟದ ಮೇಜಿದೆ. ಈ ತುದಿಯಲ್ಲಿ ಪಿಸುಗುಟ್ಟಿದರೆ ಆ ತುದಿಗೆ ಕೇಳುತ್ತೆ ಅಂತ ತೋರಿಸುವವರು ಹೇಳಿದರು. ಮದುವೆಯಲ್ಲಿ ಒಂದೊಂದು ಪಂಕ್ತಿಗೆ ಮುನ್ನೂರು ಎಲೆ ಹಾಕುವ ನಮಗೆ 101 ಏನು ಮಹಾ ಅನ್ನಿಸಬಹುದು. ಆದರೆ ಆ ಮೇಜಿನ ಮುಂದೆ ನಿಂತಾಗ ನಾನೂ ದನಿ ತಗ್ಗಿಸಿಯೇ ಮಾತಾಡಿದೆ.

ರೂಮುಗಳು ಅರವತ್ತೇ. ಕುದುರೆ ಗಾಡಿಯಲ್ಲಿ ಮೇಲೆ ಕರೆದುಕೊಂಡು ಹೋಗುತ್ತಾರೆ, ಅರಮನೆ ಸುತ್ತಿಸಿ ಕತೆ ಹೇಳುತ್ತಾರೆ. ಇಬ್ಬರಿಗೆ ಒಂದು ರಾತ್ರಿಗೆ ನಲವತ್ತು ಐವತ್ತು ಸಾವಿರ ಇಟ್ಟುಕೊಂಡೇ ಹೊರಡಬೇಕು, ಸೀಸನ್‌ನಲ್ಲಿ ಇನ್ನೂ ಜಾಸ್ತಿ. ನನ್ನ ಸಲಹೆ: ಮದುವೆಯಾದ ಹೊಸ ಜೋಡಿ, ಜೇಬೂ ಗಟ್ಟಿ ಅಂದರೆ ಉಳಿಯಿರಿ. ಮಿಕ್ಕವರು ಮುಂಚೆಯೇ ಬುಕ್ ಮಾಡಿ ಸಂಜೆಯ ಹೈ ಟೀಗೆ, ಅಂದರೆ ತಿಂಡಿ ಸಮೇತದ ಟೀಗೆ, ಹೋಗಿ. ಒಬ್ಬರಿಗೆ ಕೆಲವು ಸಾವಿರ ಆಗುತ್ತೆ, ಟೀಗೆ ಅಂದರೆ ಅನ್ಯಾಯವೇ. ಆದರೆ ಅದು ಟೀ ದುಡ್ಡಲ್ಲ, ಗೇಟಿನ ದುಡ್ಡು. ಮುಂಚೆ ಬುಕ್ ಮಾಡದೇ ಹೋದರೆ ಗೇಟಿನಲ್ಲೇ ವಾಪಸ್.

ಮುಂಬೈ ತಾಜ್

ಇದು ಅರಮನೆ ಅಲ್ಲವೇ ಅಲ್ಲ. ಹೆಸರಿನಲ್ಲಿ ಮಾತ್ರ ಪ್ಯಾಲೇಸ್. ಜಮ್‌ಷೆಡ್‌ಜಿ ಟಾಟಾ ಹೋಟೆಲ್ ಅಂತಲೇ ಕಟ್ಟಿಸಿ 1903ರ ಡಿಸೆಂಬರ್ 16ರಂದು ಬಾಗಿಲು ತೆರೆದದ್ದು. ಎದುರಿಗಿರುವ ಗೇಟ್‌ವೇ ಆಫ್ ಇಂಡಿಯಾ ಮುಗಿದದ್ದು 1924ರಲ್ಲಿ, ಅಂದರೆ ಹೋಟೆಲೇ ಹಿರಿಯಣ್ಣ. ಆದರೆ ದೊಡ್ಡವರು ಬಂದು ಹೋದ ಲೆಕ್ಕ ಹಿಡಿದರೆ ನಿಜವಾದ ಅರಮನೆಗಳೇ ಇದರ ಮುಂದೆ ಸಪ್ಪೆ. 2010ರಲ್ಲಿ ಒಬಾಮಾ ಉಳಿದರು, 2008ರ ದಾಳಿ ಕಂಡ ಜಾಗದಲ್ಲೇ ಉಳಿಯಬೇಕು ಅಂತ ಆರಿಸಿಕೊಂಡು. 2016ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ರಾಜಕುಮಾರ ವಿಲಿಯಂ ಮತ್ತು ಹೆಂಡತಿ ಕೇಟ್ ಉಳಿದರು. ಅದೇ ಮುಂಬೈ ಭೇಟಿಯಲ್ಲಿ ವಿಲಿಯಂ ಒಂದು ಕಾರ್ಯಕ್ರಮದಲ್ಲಿ ದೋಸೆ ಹೊಯ್ಯುವ ಮೆಷಿನ್‌ನಲ್ಲಿ ದೋಸೆ ಮಾಡಿದ್ದು ಟಿವಿಯಲ್ಲಿ ಬಂದಿತ್ತು. ಬೆಣ್ಣೆ ಇಲ್ಲ, ಪಲ್ಯ ಇಲ್ಲ, ಮೆಷಿನ್ ದೋಸೆ. ನಮ್ಮೂರಿಗೆ ಬಂದಿದ್ದರೆ ಕಾವಲಿ ಮುಂದೆ ನಿಲ್ಲಿಸಿ ಕಲಿಸುತ್ತಿದ್ದೆವು.

ಇಲ್ಲಿ ಜನ ಏಮಾರುವುದು ಒಂದೇ ವಿಷಯದಲ್ಲಿ. ಒಂದೇ ಹೆಸರಿನಡಿ ಎರಡು ಕಟ್ಟಡ ಇವೆ. ಗುಮ್ಮಟದ ಹಳೇ ಕಟ್ಟಡ ಪ್ಯಾಲೇಸ್ ವಿಂಗ್. ಪಕ್ಕದ್ದು 1970ರ ದಶಕದಲ್ಲಿ ಎದ್ದ ಟವರ್. ಕಡಿಮೆ ರೇಟು ಅಂತ ಕಾಣುವುದೆಲ್ಲ ಬಹುಪಾಲು ಟವರ್‌ನದ್ದು. ನಾನು ಉಳಿದದ್ದೂ ಅದರಲ್ಲೇ. ಹಾಸಿಗೆ ಒಳ್ಳೇದು, ಕಿಟಕಿಯಲ್ಲಿ ಸಮುದ್ರ, ಎಲ್ಲ ಸರಿ. ಆದರೆ ರಾತ್ರಿ ಪ್ಯಾಲೇಸ್ ವಿಂಗಿನ ಆ ದೊಡ್ಡ ಮೆಟ್ಟಿಲ ಹತ್ತಿರ ಸುಮ್ನೆ ಓಡಾಡಿ ವಾಪಸ್ ಟವರ್ ಲಿಫ್ಟ್ ಹತ್ತುವಾಗ, ಮದುವೆ ಮನೆ ನೋಡಿಕೊಂಡು ಲಾಡ್ಜಿಗೆ ಮಲಗಲು ಹೋದ ಹಾಗೆ ಅನ್ನಿಸಿತು. ದುಡ್ಡು ಉಳಿಸಬೇಕು ಅಂದರೆ ಟವರ್‌ಗಿಂತ, ಬೇರೆ ಕಡೆ ಸಾಧಾರಣ ರೂಮು ಮಾಡಿ, ತಾಜ್‌ನ ಸೀ ಲೌಂಜಿನಲ್ಲಿ ಕಿಟಕಿ ಪಕ್ಕ ಒಂದು ಗಂಟೆ ಕೂತು ಕಾಫಿ ಕುಡಿಯುವುದು ವಾಸಿ. ಲಿಫ್ಟ್ ಇದೆ, ವಯಸ್ಸಾದವರಿಗೆ ತೊಂದರೆ ಇಲ್ಲ. ಸಸ್ಯಾಹಾರದ ಚಿಂತೆಯೂ ಇಲ್ಲ, ಮುಂಬೈಯಲ್ಲಿ ಗುಜರಾತಿಗಳು ಆ ಸಮಸ್ಯೆಯನ್ನು ನಮಗಿಂತ ಮುಂಚೆಯೇ ಬಗೆಹರಿಸಿದ್ದಾರೆ. ದಾವಣಗೆರೆಯಿಂದ ದಾದರ್‌ಗೆ ನೇರ ರೈಲು ಇರುವುದರಿಂದ ವಿಮಾನದ ಗೊಡವೆಯೂ ಬೇಡ.

ರಾಜಸ್ಥಾನದ ಜೋಡಿ

ಉದಯಪುರದ ಲೇಕ್ ಪ್ಯಾಲೇಸ್ ಕಟ್ಟಿದ್ದು ಮಹಾರಾಣಾ ಎರಡನೇ ಜಗತ್ ಸಿಂಗ್, 1740ರ ದಶಕದಲ್ಲಿ, ಪಿಚೋಲಾ ಸರೋವರದ ಮಧ್ಯದ ಬಂಡೆ ಮೇಲೆ. 1960ರ ದಶಕದಲ್ಲೇ ಹೋಟೆಲ್ ಆಯಿತು. 1962ರಲ್ಲಿ ಅಮೆರಿಕ ಅಧ್ಯಕ್ಷರ ಹೆಂಡತಿ ಜಾಕ್ವೆಲಿನ್ ಕೆನಡಿ ಬಂದು ಹೋದ ಊರು. ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಈ ಅರಮನೆ ಬಂತು, ಆಮೇಲೆ ಕೇಳಬೇಕಾ. ಹೋಗುವುದು ದೋಣಿಯಲ್ಲೇ. ಉಳಿಯುವವರನ್ನು ಬಿಟ್ಟು ಬೇರೆಯವರಿಗೆ ಆ ದೋಣಿ ಸುಲಭವಾಗಿ ಸಿಗುವುದಿಲ್ಲ. ಚಳಿಗಾಲದಲ್ಲಿ ಒಂದು ರಾತ್ರಿಗೆ ಲಕ್ಷ ದಾಟುವುದೂ ಉಂಟು. ಉಳಿಯದಿದ್ದರೆ ಒಳಗೆ ನೋಡುವುದೇ ಇಲ್ಲ, ಉಳಿದರೆ ಆರು ತಿಂಗಳ ಬಾಡಿಗೆ ಒಂದೇ ರಾತ್ರಿಗೆ. ನಡುವಿನ ದಾರಿ ಇಲ್ಲ.

ಜೋಧಪುರದ ಉಮೈದ್ ಭವನ್ ಇದಕ್ಕೆ ಪೂರ್ತಿ ಉಲ್ಟಾ. ಬರಗಾಲದಲ್ಲಿ ಜನಕ್ಕೆ ಕೂಲಿ ಸಿಗಲಿ ಅಂತ ಮಹಾರಾಜ ಉಮೈದ್ ಸಿಂಗ್ 1929ರಲ್ಲಿ ಶುರು ಮಾಡಿಸಿದ್ದು, ಮುಗಿದದ್ದು 1943ರಲ್ಲಿ. 347 ಕೋಣೆ. ಒಂದು ಭಾಗದಲ್ಲಿ ರಾಜಮನೆತನ ಈಗಲೂ ವಾಸವಾಗಿದೆ, ಒಂದು ಭಾಗ ಹೋಟೆಲ್, ಇನ್ನೊಂದು ಮ್ಯೂಸಿಯಂ. 2018ರ ಡಿಸೆಂಬರ್‌ನಲ್ಲಿ ಪ್ರಿಯಾಂಕಾ ಮತ್ತು ನಿಕ್ ಜೋನಸ್ ಮದುವೆಯಾದದ್ದು ಇಲ್ಲಿ. ಹೋಟೆಲ್ ಭಾಗದ ರೇಟು ನಮ್ಮ ಮಾತಲ್ಲ. ಆದರೆ ಮ್ಯೂಸಿಯಂ ಟಿಕೆಟಿಗೆ ನೂರರ ನೋಟು ಸಾಕಾಗುವಂಥ ದರದಲ್ಲಿ ಕಟ್ಟಡದ ಒಂದು ತುಣುಕು ನೋಡಬಹುದು. ಆರು ಜನ ಹೋಗುವವರಿಗೆ ನಾನು ಹೇಳುವುದು ಇದನ್ನೇ. ಜೈಪುರದ ರಾಮ್‌ಬಾಗ್ ಬಗ್ಗೆಯೂ ಕೇಳುತ್ತಾರೆ. ಗಾಯತ್ರಿ ದೇವಿ ಬಾಳಿದ ಮನೆ, 1957ರಷ್ಟು ಹಿಂದೆಯೇ ಹೋಟೆಲ್ ಆದದ್ದು. ಚೆನ್ನಾಗಿದೆ, ದುಬಾರಿ, ಅಷ್ಟೇ.

ಹತ್ತಿರದ್ದು ಏನೂ ಇಲ್ವಾ?

ಮದಕರಿ ನಾಯಕನ ಅರಮನೆ ಹೋಟೆಲ್ ಆಗುವಷ್ಟು ಉಳಿದಿಲ್ಲ. ದುರ್ಗದ ಕೋಟೆಯೊಳಗೆ ಮಣ್ಣಿನ ಗೋಡೆಗಳು ನಿಂತಿವೆ, ಅದನ್ನು ನೋಡಲು ಟಿಕೆಟ್ ಸಾಕು. ನಮ್ಮ ಪಿ.ಜೆ. ಬಡಾವಣೆಯ ಹೆಸರಿನಲ್ಲಿ ಪ್ರಿನ್ಸ್ ಇದ್ದಾನೆ, ಅರಮನೆ ಇಲ್ಲ.

ಆದರೆ ಸಂಡೂರಿನಲ್ಲಿ ಇದೆ. ಘೋರ್ಪಡೆ ರಾಜಮನೆತನದ ಶಿವವಿಲಾಸ ಅರಮನೆ ಹೆರಿಟೇಜ್ ಹೋಟೆಲ್ ಆಗಿದೆ. ದುರ್ಗದಿಂದ ಕೂಡ್ಲಿಗಿ ಮೇಲೆ ಹೋದರೆ ಎರಡೂವರೆ ಗಂಟೆ, ದಾವಣಗೆರೆಯಿಂದ ಇನ್ನೊಂದು ಅರ್ಧ ಗಂಟೆ ಸೇರಿಸಿ. ಇಲ್ಲಿಗೆ ಸಿನಿಮಾ ನಟರ ಗುಂಪು ಬರುವುದಿಲ್ಲ. ಹೆಸರು ಹೇಳಿದರೆ ಸ್ಟೇಟಸ್ ನೋಡಿದವರು ಎಲ್ಲಿದೆ ಅದು ಅಂತ ಕೇಳುತ್ತಾರೆ. ಮಳೆಗಾಲ ಮುಗಿಯುವಾಗ ಸುತ್ತ ಗುಡ್ಡಗಳು ಹಸಿರಾಗಿರುತ್ತವೆ. ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ ಅಂತ ಗಾಂಧೀಜಿ ಹೇಳಿದ್ದರು ಅನ್ನುವ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಅದಿರಿನ ಲಾರಿಗಳ ಧೂಳು ಮಾತ್ರ ದಾರಿಯಲ್ಲಿ ಸಹಿಸಿಕೊಳ್ಳಬೇಕು. ಹೊರಡುವ ಮುಂಚೆ ಫೋನ್ ಮಾಡಿ ರೂಮು ಇದೆಯಾ ಕೇಳಿಕೊಳ್ಳಿ.

ಅಲ್ಲಿಂದ ಮುಂದೆ ಕಮಲಾಪುರದಲ್ಲಿ, ಹಂಪಿ ಪಕ್ಕ, ಇವಾಲ್ವ್ ಬ್ಯಾಕ್ ಅನ್ನುವ ರೆಸಾರ್ಟ್ ಇದೆ. ವಿಜಯನಗರದ ಕಮಾನುಗಳ ಶೈಲಿಯಲ್ಲಿ ಈಚಿನ ವರ್ಷಗಳಲ್ಲಿ ಕಟ್ಟಿದ್ದು. ಯಾವ ರಾಜನೂ ಅಲ್ಲಿ ಇರಲಿಲ್ಲ. ಆದರೆ ಲಿಫ್ಟು, ಬಾತ್‌ಟಬ್ಬು, ಈಜುಕೊಳ ಬೇಕು, ಅರಮನೆಯ ಫೋಟೋನೂ ಬೇಕು ಅನ್ನುವ ಹೊಸ ಜೋಡಿಗೆ ಫಲಕ್‌ನುಮಾಗಿಂತ ಕಡಿಮೆ ದುಡ್ಡಿನಲ್ಲಿ ಮೂರ್ನಾಲ್ಕು ಗಂಟೆ ದೂರದಲ್ಲಿ ಸಿಗುತ್ತೆ. ಬೆಂಗಳೂರಿನ ವೆಸ್ಟ್ ಎಂಡ್ ಹೋಟೆಲ್ ಕೂಡ ಒಳ್ಳೇದೇ, 1887ರಿಂದ ಇದೆ, ಇಪ್ಪತ್ತು ಎಕರೆ ಮರಗಳು. ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುವುದರಿಂದ ದಾರಿಯೂ ಸುಲಭ. ಅಲ್ಲಿ ಸಿಗುವುದು ತೋಟ, ಸಿಂಹಾಸನವಲ್ಲ.

ಇನ್ನೊಂದು ತಮಾಷೆ. ಬ್ರಿಟನ್ನಿನ ರಾಜ ಚಾರ್ಲ್ಸ್ ಮತ್ತು ಕ್ಯಾಮಿಲ್ಲಾ 2024ರ ಅಕ್ಟೋಬರ್‌ನಲ್ಲಿ ಸದ್ದಿಲ್ಲದೆ ಬೆಂಗಳೂರಿಗೆ ಬಂದು ಹೋದರು. ಉಳಿದದ್ದು ಯಾವ ಅರಮನೆಯಲ್ಲೂ ಅಲ್ಲ, ವೈಟ್‌ಫೀಲ್ಡ್ ಆಚೆಯ ಸೌಖ್ಯ ಅನ್ನುವ ಆರೋಗ್ಯಧಾಮದಲ್ಲಿ, ಆಯುರ್ವೇದದ ಆರೈಕೆಗೆ. ಮನೆಯಲ್ಲೇ ಅರಮನೆ ಇದ್ದವರಿಗೆ ಬೇಕಾಗಿರುವುದು ಎಣ್ಣೆ ನೀವುವವರು. ಸೊಂಟನೋವು ಇರುವ ಶ್ರೀಮಂತ ಓದುಗರಿದ್ದರೆ ಇದನ್ನೂ ಪಟ್ಟಿಗೆ ಸೇರಿಸಿ.

ಕೊನೆಗೆ ಯಾರಿಗೆ ಏನು ಹೇಳಿದೆ

ಮೆಕ್ಕೆಜೋಳದ ಗೆಳೆಯನಿಗೆ ಲೆಕ್ಕ ಹಾಕಿ ತೋರಿಸಿದೆ. ಆರು ಜನ ಅಂದರೆ ಮೂರು ರೂಮು. ಫಲಕ್‌ನುಮಾದಲ್ಲಿ ತೆರಿಗೆ ಸೇರಿ ಒಂದೂವರೆ ಲಕ್ಷದ ಹತ್ತಿರ ಬರುತ್ತೆ, ಪ್ರಯಾಣ ಬೇರೆ. ಅದೇ ಮನೆಮಂದಿ ಹೈದರಾಬಾದಿನಲ್ಲಿ ಸಾಧಾರಣ ಹೋಟೆಲ್ ಮಾಡಿ ಟೀಗೆ ಹೋಗಿ ಬಂದರೆ ಅದರ ಅರ್ಧವೂ ಆಗಲ್ಲ. ಅವನು ಕ್ಯಾಲ್ಕುಲೇಟರ್ ಒತ್ತಿ, "ಟೀ ಸಾಕು ಬಿಡೋ" ಅಂದ. ಚಿಕ್ಕಪ್ಪನ ಮಗಳಿಗೆ ಉದಯಪುರ ಅಂದರೆ ಆಸೆ, ಗಂಡನಿಗೆ ಕಂಪನಿ ಕೊಟ್ಟಿರುವ ರಜೆ ನಾಲ್ಕೇ ದಿನ. ಹೋಗುವುದಕ್ಕೆ ಒಂದು ದಿನ ಬರುವುದಕ್ಕೆ ಒಂದು ದಿನ ಹೋದರೆ ಉಳಿಯುವುದು ಎರಡು. ಇಬ್ಬರೂ ಕಮಲಾಪುರಕ್ಕೆ ಮನಸ್ಸು ಮಾಡಿದ್ದಾರೆ, ಬಾಕಿ ದುಡ್ಡಲ್ಲಿ ಚಿನ್ನ ತಗೋತಾರಂತೆ.

ಪಕ್ಕದ ಮನೆಯವರಿಗೆ ಲಲಿತ ಮಹಲ್. ಅವರಪ್ಪ ರಿಟೈರ್ಡ್ ಮೇಷ್ಟ್ರು, ನಾಲ್ವಡಿಯವರ ಹೆಸರು ಬಂದರೆ ಎದ್ದು ಕೂರುವ ಜೀವ. ಹಳೇ ಕಟ್ಟಡದಲ್ಲೇ ರೂಮು ಬೇಕು, ಮೆಟ್ಟಿಲು ಕಡಿಮೆ ಇರಬೇಕು ಅಂತ ಹುಡುಗ ಎರಡು ಸಲ ಫೋನ್ ಮಾಡಿ ಹೇಳಿಸಿದ್ದಾನೆ. ಮುಂದಿನ ಶುಕ್ರವಾರ ಹೊರಡುತ್ತಾರೆ. ನಿನ್ನೆ ಸಂಜೆ ನೋಡಿದರೆ ಅವರಮ್ಮ ಬ್ಯಾಗಿಗೆ ರೇಷ್ಮೆ ಸೀರೆ ಇಟ್ಟು, ಅದರ ಮೇಲೆ ಶೇಂಗಾ ಚಟ್ನಿಪುಡಿ ಡಬ್ಬಿ ಇಡುತ್ತಿದ್ದರು.